ಉಪ್ಪು ಯಾರು ಹಾಕಿದ್ದು

ಎಂಟೂವರೆಗೆ ಗೋಡೆಗೆ ಸೈಕಲ್ಲು ಒರಗುವ ಸದ್ದು.
ಮೊದಲು ವಾಸನೆ ಒಳಗೆ ಬರುತ್ತದೆ, ಆಮೇಲೆ ಕೊಟ್ರೇಶ:
ಬೆಣ್ಣೆ, ಹೊಗೆ, ಕಾದ ಹೆಂಚಿಗೆ ಚಿಮುಕಿಸಿದ ನೀರು.
ಅವನ ಬಲಗೈ ಮೇಲೆ ಒಂದು ರೋಮವಿಲ್ಲ,
ಹನ್ನೊಂದು ವರ್ಷದಿಂದ ಬೆಂಕಿಯೇ ಅವನ ಹಜಾಮ.

ನನ್ನದೂ ಕಮ್ಮಿಯಿಲ್ಲ.
ಮಧ್ಯಾಹ್ನ ನಿಟ್ಟುವಳ್ಳಿ ಶಾಲೆಯಲ್ಲಿ ನೂರಾ ನಲವತ್ತು ತಟ್ಟೆ,
ಸಂಜೆ ಖಾನಾವಳಿಗೆ ಎಪ್ಪತ್ತು ರೊಟ್ಟಿ.
ಬಡಿದ ಸದ್ದು ಇನ್ನೂ ಅಂಗೈಯಲ್ಲಿದೆ.

ಊರಿಗೆ ಉಣ್ಣಿಸಿ ಬಂದ ಇಬ್ಬರು
ಒಂದೇ ಬಲ್ಬಿನ ಕೆಳಗೆ ಮುಖ ನೋಡಿಕೊಳ್ಳುತ್ತೇವೆ,
ಮೊದಲು ಬಾಯಿಬಿಟ್ಟವರು ಸೋತಂತೆ.

ನಾನೇ ಸೋಲುತ್ತೇನೆ:
"ಹೊರಗೆ ತಿನ್ನಾಣೇನು?"
"ಹೊರಗಿಂದಲೇ ಬಂದೀನಲ್ಲೇ."

ಅವನಿಗೆ ಬೇಕಾದದ್ದು ಅನ್ನ, ನೀರಿನಂಥ ಬೇಳೆಸಾರು,
ಯಾರೂ ಟೇಬಲ್ ನಂಬರು ಕೂಗದ ಊಟ.
ನನಗೆ ಬೇಕಾದದ್ದು ಇಷ್ಟೇ,
ಹೆಗಲಿಗೆ ಬಟ್ಟೆ ಹಾಕಿಕೊಂಡ ಹುಡುಗನೊಬ್ಬ ಬಂದು
"ಅಕ್ಕಾ, ಏನು ಕೊಡಲಿ?" ಅನ್ನಬೇಕು.
ಕೇಳಿ ಸುಮ್ಮನೆ ನಿಂತಿರಬೇಕು, ನಾನು ಯೋಚಿಸುವ ತನಕ.

"ಒಂದು ದೋಸೆಗೆ ಹಿಟ್ಟು ಎಷ್ಟು ಹಿಡಿತೈತೆ ಗೊತ್ತೇನು?
ಬೆಣ್ಣೆ ಎಷ್ಟು? ಆ ರೇಟಿಗೆ ನಾನು ತಿನ್ನಂಗಿಲ್ಲ."
ಗುಟ್ಟು ಗೊತ್ತಿದ್ದವನ ಜೊತೆ ಹೋಟೆಲಿಗೆ ಹೋಗಬಾರದು.
ಎದ್ದು ಡಬ್ಬಿ ಅಲ್ಲಾಡಿಸುತ್ತೇನೆ: ಬೇಳೆ ಮೂರು ಹಿಡಿ.
ಟೊಮೆಟೊ ಎರಡು, ಅದರಲ್ಲೊಂದು ಮೆತ್ತಗೆ.
ಸಿಲಿಂಡರು ಎತ್ತಿ ನೋಡಿದರೆ ಮಗುವಿನಷ್ಟು ಹಗುರ.

ಹೋಗಿದ್ದೆವು ಒಂದು ಸಲ. ಮಂಡಿಪೇಟೆಯಲ್ಲಿ
ನಾದಿನಿಯ ಮದುವೆಗೆ ಸೀರೆ ಕೊಂಡ ದಿನ,
ಚೀಲ ಕಾಲ ಸಂದಿಯಲ್ಲಿಟ್ಟುಕೊಂಡು ಕೂತೆವು.
ತೊಡೆಯ ಮೇಲೆ ಕೈಯಿಟ್ಟು ಅವನು ಹೆಣ್ಣು ನೋಡಲು ಬಂದವನ ಹಾಗೆ,
ಕಿವಿ ಮಾತ್ರ ಅಡುಗೆಮನೆಯಲ್ಲಿ.
"ಹೆಂಚು ಕಾದಿಲ್ಲ" ಅಂದ, ದೋಸೆ ಬರುವ ಮೊದಲೇ.
ಬಂತು, ಬಿಳಿಚಿಕೊಂಡು.
ಮಾತಾಡದೆ ತಿಂದ. ತಿಂದು ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟ.
"ಇಡಣ್ಣ, ಇಡು" ಎಂದು ಹುಡುಗ ಬೆನ್ನು ಹತ್ತಿದ.

ಚಟ್ನಿಗೆ ಉಪ್ಪು ಜಾಸ್ತಿಯಾಗಿತ್ತು.
ಹೇಳಿದರೆ ಯಾರೂ ನಂಬುವುದಿಲ್ಲ, ನನಗೆಷ್ಟು ಖುಷಿಯಾಯಿತೆಂದು.
ದಿನವೂ ಹೆಡ್ ಮೇಷ್ಟ್ರು ಮೊದಲ ತುತ್ತು ಬಾಯಿಗಿಟ್ಟು
ಛಾವಣಿ ನೋಡುತ್ತಾರೆ,
ಅವರು ನುಂಗುವ ತನಕ ನನ್ನ ಗಂಟಲಲ್ಲಿ ಉಸಿರಿರುವುದಿಲ್ಲ.
ಇಲ್ಲಿ ಉಪ್ಪು ಹೆಚ್ಚಾದರೆ
ಅದು ಬೇರೆ ಯಾರದೋ ತಪ್ಪು.
ಇನ್ನೊಂದು ಸಲ ಚಟ್ನಿ ಹಾಕಿಸಿಕೊಂಡೆ.

ಒಂಬತ್ತೂಕಾಲು ದಾಟಿತು.
ಪಕ್ಕದ ಮನೆಯ ಕುಕ್ಕರು ಮೂರು ಸಲ ಕೂಗಿ ಸುಮ್ಮನಾಯಿತು.
ಇಬ್ಬರೂ ಏಳಲಿಲ್ಲ.
ಆಮೇಲೆ ಅವನೇ ಅಟ್ಟದಿಂದ ಮಂಡಕ್ಕಿ ಡಬ್ಬ ಇಳಿಸಿದ,
ಭಟ್ಟಿಯಿಂದ ತಂದು ನಾಲ್ಕು ದಿನವಾಗಿತ್ತು, ಇನ್ನೂ ಗರಿಗರಿ.
ಈರುಳ್ಳಿ ಹೆಚ್ಚಿದ, ಹೋಟೆಲಿನ ವೇಗದಲ್ಲಿ,
ಸಾವಿರ ಜನ ಕಾಯುತ್ತಿದ್ದಾರೆ ಎಂಬಂತೆ.
"ನಿಧಾನ ಮಾರಾಯ, ಇರೋದು ನಾವಿಬ್ರೇ" ಅಂದೆ.
ಕೈ ನಿಂತಿತು. ಮತ್ತೆ ಶುರುವಾದಾಗ
ಚೂರುಗಳು ದಪ್ಪ ದಪ್ಪ, ಸೊಟ್ಟ.

ನಾನು ಪುಟಾಣಿ ಪುಡಿ, ಎಣ್ಣೆ, ಹಸಿಮೆಣಸು,
ಅರ್ಧ ನಿಂಬೆ.
ಬಾಗಿಲ ಕಟ್ಟೆಯ ಮೇಲೆ ಪೇಪರು ಹಾಸಿ ಸುರಿದೆವು.

ಮೇಲಿನ ಮನೆಯ ಪರ್ವೀನಮ್ಮ ಬಗ್ಗಿ ಕೇಳಿದರು,
"ಊಟ ಆಯ್ತಾ?"
ನಾನು "ಹೂಂ" ಅಂದೆ, ಅವನು "ಇಲ್ಲ" ಅಂದ,
ಒಂದೇ ಉಸಿರಿಗೆ.

ಎರಡನೇ ಮುಕ್ಕಿಗೆ ಅವನು ಅಗಿಯುವುದು ನಿಲ್ಲಿಸಿದ.
"ಉಪ್ಪು?"
"ನೀನು ಹಾಕಿದಿ ಅನ್ಕೊಂಡೆ."
"ನಾನು ನೀನು ಅನ್ಕೊಂಡೆ."
ಬೀದಿದೀಪದ ಹುಳು ಒಂದು ಬಂದು ಮಂಡಕ್ಕಿಯ ಮೇಲೆ ಕೂತಿತು.
ಊದಿ ಓಡಿಸಿದ, ಮೊಣಕಾಲು ಹಿಡಿದು ಎದ್ದ,
ಒಳಗೆ ಕತ್ತಲಲ್ಲಿ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆಯತೊಡಗಿದ.

ಉಪ್ಪು ಎಲ್ಲಿದೆಯೆಂದು ನನಗೆ ಗೊತ್ತಿತ್ತು.
ಹೇಳಲಿಲ್ಲ. ಕಾಲು ಚಾಚಿಕೊಂಡು ಕೂತಿದ್ದೆ,
ಆರ್ಡರ್ ಕೊಟ್ಟವಳ ಹಾಗೆ.